ಎಂಟು ಚೀಲದ ದೊರೆ

ಜನವರಿ 9

ಪರದೆ ಏಳಲಿ, ದೀಪ ಬೆಳಗಲಿ, ಸಭೆಯ ಸದ್ದಡಗಲಿ! ಇದನ್ನು ಓದುವವನು ನಾನೊಬ್ಬನೇ ಎಂದು ಗೊತ್ತು. ಆದರೂ ಮೂವತ್ತು ವರ್ಷ ರಂಗದ ಮೇಲೆ ಆಕಾಶದೊಡೆಯನಾಗಿ ಅಬ್ಬರಿಸಿದವನಿಗೆ ದಿನಚರಿಯನ್ನೂ ಪಿಸುಮಾತಿನಲ್ಲಿ ಬರೆಯಲು ಬಾರದು.

ಇವತ್ತು ನನ್ನ ಮಾನ ಹೋಯಿತು. ನೆಲದಿಂದ ಒಂದು ಗೇಣು ಮೇಲೆ ಹೋಯಿತು.

ಕೊನೆಯ ಅಂಕದಲ್ಲಿ ನಾನು ಮೋಡದ ಮೇಲೆ ಕುಳಿತು ಭೂಮಿಗೆ ಇಳಿಯಬೇಕು. ಮೋಡ ಎಂದರೆ ಹಲಗೆ, ತಂತಿ, ಒಂದಿಷ್ಟು ಹತ್ತಿ. ಅದರ ಹಗ್ಗ ಚಾವಣಿಯ ರಾಟೆಯ ಮೇಲೆ ಹಾದು ಆಚೆ ಬದಿ ಇಳಿಯುತ್ತದೆ. ಆ ತುದಿಯಲ್ಲೊಂದು ಕಬ್ಬಿಣದ ಗುಂಡು. ಗುಂಡು ಎಲ್ಲರಿಗೂ ಒಂದೇ. ಅದರ ಮೇಲೆ ದಿಂಬಿನಷ್ಟಿರುವ ಮರಳಿನ ಚೀಲ ಎಷ್ಟು ಕಟ್ಟಿದರೆ ಕುಳಿತವನಿಗೆ ಸಮತೂಕವಾಗುತ್ತದೆ ಎಂಬುದೇ ನಮ್ಮ ಕಂಪನಿಯಲ್ಲಿ ಮನುಷ್ಯನ ಅಳತೆ. ಇಲ್ಲಿ ಯಾರೂ ಕಿಲೋದಲ್ಲಿ ಮಾತಾಡುವುದಿಲ್ಲ. ‘ಅವನು ನಾಲ್ಕು ಚೀಲ’, ‘ಇವಳು ಎರಡು’ ಎನ್ನುತ್ತೇವೆ. ಹರೆಯದಲ್ಲಿ ನಾನು ಮೂರು ಚೀಲ. ಆಹಾ, ಏನು ಕಾಲ!

ಇವತ್ತು ಹಗ್ಗ ಹಿಡಿಯುವ ಅಣ್ಣ ಏಳು ಚೀಲ ಕಟ್ಟಿದ. ಮೋಡ ಅಲ್ಲಾಡಲಿಲ್ಲ.

“ಎಳಿ ಅಣ್ಣಾ!”

“ಎಳೀತಾನೇ ಇದೀನಿ ದೊರೆ. ನಿಂಗೆ ಭೂಮಿ ಮೇಲೆ ಬಹಳ ಪ್ರೀತಿ ಬಂದ್ಬಿಟ್ಟಿದೆ.”

ಎಂಟನೆಯದನ್ನು ಕಟ್ಟಿದಾಗ ಒಂದು ಗೇಣು ಎದ್ದೆ. ಮೇಲೆ ರಾಟೆ ಕಿರ್ರೆಂದು ನರಳಿತು. ಅಣ್ಣ ತಕ್ಷಣ ಇಳಿಸಿಬಿಟ್ಟ. “ಏಳರ ಮೇಲೆ ಈ ರಾಟೆ ತಡೆಯಲ್ಲ. ಎಂಟು ಕಟ್ಟಿ ನಿನ್ನ ಪ್ರಾಣ ತೆಗೆಯೋಕೆ ನಾನು ತಯಾರಿಲ್ಲಪ್ಪ.”

ಮ್ಯಾನೇಜರು ಬೇರಾರೂ ಅಲ್ಲ, ನನ್ನ ಹೆಂಡತಿಯ ತಮ್ಮ. ಅಲ್ಲೇ ನಿಂತು ತೀರ್ಪು ಕೊಟ್ಟ. “ಭಾವ, ಮೇ ತಿಂಗಳ ಮೊದಲ ಆಟದ ಹೊತ್ತಿಗೆ ಏಳಕ್ಕೆ ಇಳೀರಿ. ಇಲ್ಲಾಂದ್ರೆ ಮೋಡಾನೂ ಪಾತ್ರಾನೂ ಕಡ್ಡಿಗೆ. ನೀವು ಅವನ ಭೂಮಿರಾಜನ ಪಾತ್ರ ಮಾಡಿ, ಪಕ್ಕದಿಂದ ನಡ್ಕೊಂಡು ಬನ್ನಿ.”

ನಡೆದುಕೊಂಡು! ಕಡ್ಡಿ ಎಂದರೆ ನನ್ನ ಶಿಷ್ಯ, ಗಾಳಿ ಬೀಸಿದರೆ ಬಾಗುವ ಆಸಾಮಿ. ಅವನು ಮೋಡದ ಮೇಲೆ, ನಾನು ಅವನ ಮುಂದೆ ಮಂಡಿಯೂರಿ!

ಜನವರಿ 12

ಹೆಂಡತಿ ಕೈ ಹಿಡಿದು ಡಾಕ್ಟರಮ್ಮನ ಬಳಿ ಎಳೆದುಕೊಂಡು ಹೋದಳು. ರಕ್ತ ತೆಗೆದರು, ತೋಳಿಗೆ ಪಟ್ಟಿ ಕಟ್ಟಿ ಉಬ್ಬಿಸಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನಾನು ಕಣ್ಣು ಮುಚ್ಚಿಕೊಂಡೇ ನಿಂತೆ. ಯಂತ್ರದ ಮಾತನ್ನು ನಾನು ನಂಬುವುದಿಲ್ಲ, ಅದಕ್ಕೆ ಭಾವವಿಲ್ಲ.

“ರಕ್ತದಲ್ಲಿ ಕೆಟ್ಟ ಕೊಬ್ಬು ಜಾಸ್ತಿ ಇದೆ. ಬಿ.ಪಿ.ನೂ ಏರಿದೆ. ಬೆಣ್ಣೆ, ಕರಿದದ್ದು ಬಿಡಿ. ಅದರ ಬದಲು ಆಲಿವ್ ಎಣ್ಣೆ ಬಳಸಿ, ಹೃದಯಕ್ಕೆ ಒಳ್ಳೇದು. ದಿನಾ ನಡೀರಿ,” ಎಂದರು ಡಾಕ್ಟರಮ್ಮ.

ಹೆಂಡತಿ ಮೆಲ್ಲಗೆ ಕೇಳಿದಳು. “ಡಾಕ್ಟ್ರೇ, ಇವರ ಗೊರಕೆ ಮಧ್ಯೆ ಮಧ್ಯೆ ನಿಂತುಹೋಗುತ್ತೆ. ಉಸಿರೇ ಇರಲ್ಲ. ಮತ್ತೆ ಶುರುವಾಗೋ ತನಕ ನಾನು ಎದ್ದು ಕೂತಿರ್ತೀನಿ.”

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. “ತೂಕ ಇಳಿದ್ರೆ ಅದೂ ಕಡಿಮೆ ಆಗಬಹುದು. ಇಳೀದಿದ್ರೆ ಬೇರೆ ಪರೀಕ್ಷೆ ಮಾಡ್ಸೋಣ.”

ಹೆಂಗಸರು ಗೊರಕೆಯನ್ನು ಎಷ್ಟು ದೊಡ್ಡದು ಮಾಡುತ್ತಾರೆ! ನನ್ನ ಗಮನ ಒಂದೇ ಮಾತಿನ ಮೇಲೆ ನಿಂತಿತ್ತು: ಆಲಿವ್ ಎಣ್ಣೆ. ದಾರಿಯಲ್ಲೇ ಐದು ಲೀಟರಿನ ಹಸಿರು ಡಬ್ಬವೊಂದನ್ನು ಹೆಗಲ ಮೇಲೆ ಹೊತ್ತು ತಂದೆ. ಗೆದ್ದ ಕತ್ತಿಯಂತೆ!

ಜನವರಿ 20

ಓ ಹಸಿರು ಹೊನ್ನೇ! ಓ ನನ್ನ ಬಂಗಾರದ ಹೊಳೆಯೇ!

ಬೆಳಿಗ್ಗೆ ಎದ್ದೊಡನೆ ಒಂದು ಲೋಟ. ಬ್ರೆಡ್ಡಿಗೆ ಬೆಣ್ಣೆ ಬಳಿದು ಅದರ ಮೇಲೆ ಎಣ್ಣೆಯ ಅಭಿಷೇಕ. ಮೊಟ್ಟೆಗಳು ಈಜಾಡುತ್ತವೆ. ಸಾರಿನ ಮೇಲೆ ಎಣ್ಣೆ ಎಷ್ಟು ದಪ್ಪಗೆ ನಿಲ್ಲುತ್ತದೆಂದರೆ ಅದರಲ್ಲಿ ನನ್ನ ಮುಖ ಕಾಣುತ್ತದೆ, ಕಿರೀಟವೊಂದು ಬಾಕಿ. ಗಂಟಲಿಗೂ ಒಳ್ಳೆಯದಿರಬೇಕೆಂದು ತಾಲೀಮಿಗೆ ಮುಂಚೆ ಇನ್ನೊಂದು ಗುಟುಕು. ದನಿ ಜಾರುಬಂಡೆಯ ಮೇಲೆ ಜಾರಿದಂತೆ ಬರುತ್ತಿದೆ.

ಹೆಂಡತಿ ದಿಟ್ಟಿಸಿ ನೋಡಿ, “ರೀ, ದೀಪಕ್ಕೂ ಇಷ್ಟು ಎಣ್ಣೆ ಹಾಕಲ್ಲ,” ಎಂದಳು.

ಔಷಧ ಹೆಚ್ಚಾದಷ್ಟೂ ರೋಗ ಬೇಗ ಓಡುತ್ತದೆ. ಇದು ಅವಳಿಗೆ ತಿಳಿಯದು.

ಫೆಬ್ರುವರಿ 3

ಎಂಟೂವರೆ!!

ಅಣ್ಣ ಒಂದು ಚೀಲವನ್ನು ಅರ್ಧ ಖಾಲಿ ಮಾಡಿ ಕಟ್ಟಬೇಕಾಯಿತು. ಕಂಪನಿಯ ಇತಿಹಾಸದಲ್ಲೇ ಮೊದಲ ಅರ್ಧ ಚೀಲ. ಕಡ್ಡಿ ಮೂಲೆಯಲ್ಲಿ ಮೋಡದ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದ. ನನ್ನನ್ನು ಕಂಡು, “ಸುಮ್ನೆ, ಹೊತ್ತು ಹೋಗ್ಲಿ ಅಂತ ಗುರುಗಳೇ,” ಎಂದ. ಅವನ ತಲೆ ಮೇಲೆ ಮರಳು ಸುರಿಯಲಿ!

ಫೆಬ್ರುವರಿ 5

ಎಣ್ಣೆಯ ಮೇಲೆ ದೂರು ಹೇಳಲು ಹೆಂಡತಿಯೊಡನೆ ಡಾಕ್ಟರಮ್ಮನ ಬಳಿ ಹೋದೆ.

“ಎಷ್ಟು ತಗೋತಿದೀರಿ?”

“ಬೆಳಿಗ್ಗೆ ಒಂದು ಲೋಟ. ಮಿಕ್ಕಿದ್ದು ಊಟದ ಜೊತೆ.”

ಅವರ ಪೆನ್ನು ಕೆಳಗೆ ಬಿತ್ತು. “ಲೋಟಾನಾ! ಮತ್ತೆ ಬೆಣ್ಣೆ?”

“ಅದೂ ಇದೆ. ಪಾಪ, ಅದೇನು ತಪ್ಪು ಮಾಡಿತ್ತು?”

ಡಾಕ್ಟರಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾರೆಂದುಕೊಂಡೆ, ಕೈ ತೆಗೆದಾಗ ಗೊತ್ತಾಯಿತು, ನಗು! “ನೋಡಿ, ಆಲಿವ್ ಎಣ್ಣೆ ಕೊಬ್ಬು ಕರಗಿಸೋ ಮಂತ್ರ ಅಲ್ಲ. ಅದೂ ಕೊಬ್ಬೇ. ಒಂದು ದೊಡ್ಡ ಚಮಚದಲ್ಲಿ ಸುಮಾರು ನೂರಿಪ್ಪತ್ತು ಕ್ಯಾಲೊರಿ ಇರುತ್ತೆ. ಬೆಣ್ಣೆ ಹೋಗಿ ಆ ಜಾಗಕ್ಕೆ ಅದು ಬಂದ್ರೆ ಹೃದಯಕ್ಕೆ ಲಾಭ. ಬೆಣ್ಣೆ ಮೇಲೆ ಅದೂ ಬಂದ್ರೆ ಸೀದಾ ಸೊಂಟಕ್ಕೆ.”

ಹೆಂಡತಿ ನನ್ನ ಭಾಷೆಗೆ ಅನುವಾದ ಮಾಡಿದಳು. “ರೀ, ಪಾತ್ರಕ್ಕೆ ನಟನ್ನ ಬದಲಾಯಿಸಿ ಅಂದ್ರು. ನೀವು ಇಬ್ಬರನ್ನೂ ಒಟ್ಟಿಗೆ ರಂಗಕ್ಕೆ ನೂಕಿದೀರ.”

ಹಾಗೆ ಹೇಳಿದ್ದರೆ ಮೊದಲೇ ಅರ್ಥವಾಗುತ್ತಿತ್ತಲ್ಲ!

ಇನ್ನು ದಿನಕ್ಕೆ ಅಳೆದು ಎರಡು ಚಮಚ. ತರಕಾರಿ, ಬೇಯಿಸಿದ ಕಾಳು, ಮೀನು, ನಡಿಗೆ. ನಾಟಕ ಶುರುವಾದ ಮೇಲೆ ಮತ್ತೆ ಬಂದು ತೋರಿಸಬೇಕಂತೆ. ಮೊದಲ ಆಟಕ್ಕೆ ಬನ್ನಿ ಎಂದು ನಾನೇ ಅವರನ್ನು ಕರೆದೆ. ನನ್ನ ಪತನವನ್ನಾದರೂ ನೋಡಲಿ.

ಫೆಬ್ರುವರಿ 8

ದ್ರೋಹ! ಡಬ್ಬ ಮಾಯವಾಗಿದೆ. ನನ್ನ ಕೈಗೆ ಸಿಗದಿರಲಿ ಎಂದು ಹೆಂಡತಿ ಅದನ್ನು ರಂಗದ ಮೇಲಿನ ಅಟ್ಟಕ್ಕೆ ಸಾಗಿಸಿದ್ದಾಳೆ. ಅಟ್ಟ ಅವಳ ಸಾಮ್ರಾಜ್ಯ. ಅಲ್ಲಿ ತೂಗುಹಾಕಿದ ದೊಡ್ಡ ತಗಡನ್ನು ಕಬ್ಬಿಣದ ಸುತ್ತಿಗೆಯಿಂದ ಬಡಿದು ಗುಡುಗು ಮಾಡುವುದು ಅವಳ ಕೆಲಸ. ಕಂಪನಿಯಲ್ಲಿ ಎಲ್ಲರೂ ಅವಳನ್ನು ಗುಡುಗಮ್ಮ ಎನ್ನುತ್ತಾರೆ, ತಗಡಿನಿಂದಾಗಿ ಮಾತ್ರವಲ್ಲ.

“ಊಟ ಬೇಕಾದ್ರೆ ಹತ್ತಿ ಬನ್ನಿ,” ಎಂದು ಮೇಲಿನಿಂದ ಕೂಗಿದಳು.

ಆ ಕಡಿದಾದ ಏಣಿ! ನಡುವೆ ಮೂರು ಕಡೆ ನಿಂತೆ. ಒಂದು ಕಡೆ ಪೂರ್ವಜರೆಲ್ಲ ಕೈಬೀಸಿ ಕರೆದಂತಾಯಿತು. ಮೇಲೆ ತಲುಪಿ ಅವಳ ಕಾಲ ಬಳಿ ಕುಸಿದೆ. ಅವಳು ಸೌತೆಕಾಯಿ, ಟೊಮೇಟೊ, ಬೇಯಿಸಿದ ಕಾಳುಗಳ ಬಟ್ಟಲು ಮುಂದಿಟ್ಟು, ಚಮಚದ ಅಂಚಿಗೆ ಸರಿಯಾಗಿ ಎಣ್ಣೆ ಅಳೆದು ಅದರ ಮೇಲೆ ಹನಿಸಿದಳು. ಒಂದು ಹನಿ ಹೆಚ್ಚಿಲ್ಲ. ಆಮೇಲೆ ನನ್ನ ಬೆನ್ನು ನೀವುತ್ತ, ಉಸಿರು ಸಮವಾಗುವವರೆಗೂ ಕಾದಳು.

ರುಚಿ... ಪರವಾಗಿಲ್ಲ. ಎಣ್ಣೆಗೆ ಹುಲ್ಲಿನ ವಾಸನೆಯಂಥದ್ದೊಂದಿದೆ, ಗಂಟಲಲ್ಲಿ ಚೂರು ಖಾರ. ಲೋಟದಲ್ಲಿ ಕುಡಿಯುವಾಗ ಇದು ಗೊತ್ತೇ ಆಗಿರಲಿಲ್ಲ.

ಫೆಬ್ರುವರಿ 27

ಎಂಟು.

ಕಾಳು. ಸೊಪ್ಪು. ಕಾಳು.

ಮಾರ್ಚ್ 10

ಮತ್ತೆ ಎಂಟು. ನಾನು ಮೊಲದಂತೆ ಎಲೆ ತಿನ್ನುವುದು, ಚೀಲಗಳು ಬಂಡೆಯಂತೆ ಕೂತಿರುವುದು! ಸಾಲದ್ದಕ್ಕೆ ನನ್ನ ಸುತ್ತ ಇರುವವರೆಲ್ಲ ಕೆಲಸ ಮರೆಯುತ್ತಿದ್ದಾರೆ. ದರ್ಜಿಗೆ ಕಣ್ಣು ಮಂಜಾಗಿದೆ. ನನ್ನ ರಾಜ ಪೋಷಾಕನ್ನು ಯಾರದೋ ಅಳತೆಗೆ ಹೊಲಿದಿದ್ದಾನೆ. ಎದೆಯ ಬಳಿ ಇಬ್ಬರು ಹೋಗಬಹುದು. ಇವತ್ತು ಕೋಪದ ದೃಶ್ಯದಲ್ಲಿ ಕೈ ಎತ್ತಿದೆ, ನಡುಪಟ್ಟಿ ಪಾದಕ್ಕೆ ಬಿತ್ತು.

“ಮಾಮಾ, ಇದೇನು ಹೊಲಿಗೆ?”

“ಹಳೇ ಅಳತೇನೇ ಕಣಪ್ಪ.”

“ಹಳೇ ಅಳತೆಯಂತೆ! ಹಾಗಾದ್ರೆ ಬಟ್ಟೆ ಹಿಗ್ಗಿದೆ.”

ಕಡ್ಡಿಯ ತಲೆಯೂ ಕೆಟ್ಟಿದೆ. ಅವನು ಕೂರುವ ಜಾಗ ಚೀಲಗಳ ಕೆಳಗೇ ಇದೆ. ಕೂದಲಲ್ಲಿ ಮರಳು, ಚಹಾದಲ್ಲಿ ಮರಳು ಎಂದು ಗೋಳಾಡುತ್ತಾನೆ. “ಗುರುಗಳೇ, ನನ್ ಕಿವೀಲಿ ಸಮುದ್ರತೀರ ಆಗಿದೆ.” ಮೋಡದ ಆಸೆ ನೆತ್ತಿಗೇರಿದರೆ ಹೀಗೇ.

ಮಾರ್ಚ್ 24

ಕಡ್ಡಿಗೆ ಇವತ್ತು ಚೆನ್ನಾಗಿ ಉಗಿದೆ. ‘ಎಲವೋ ಭೂಮಿಪಾಲಾ’ ಎಂದು ಶುರುವಾಗುವ ನನ್ನ ದೊಡ್ಡ ಮಾತಿನ ನಡುವೆ, ‘ಸಾಗರಗಳೇಳೂ ಬತ್ತಿದರೂ’ ಎಂಬಲ್ಲಿ ಅವನು “ಕ್ಷಮಿಸು ಒಡೆಯಾ” ಎಂದು ನುಗ್ಗಬೇಕು. ನುಗ್ಗಲಿಲ್ಲ. ಬಾಯಿ ತೆರೆದು ನನ್ನನ್ನೇ ನೋಡುತ್ತ ನಿಂತಿದ್ದ. ನಾನು ಕೊನೆಯವರೆಗೂ ಒಂದೇ ಉಸಿರಿನಲ್ಲಿ ಗುಡುಗಿ ಮುಗಿಸಿದೆ.

“ಯಾಕೋ ನುಗ್ಗಲಿಲ್ಲ?”

“ಎಲ್ಲಿ ನುಗ್ಲಿ ಗುರುಗಳೇ? ನೀವು ಅಲ್ಲಿ ಉಸಿರಿಗೆ ನಿಲ್ತಿದ್ರಲ್ಲ, ಆ ಸಂದೀಲೇ ನಾನು ಮಾತಾಡ್ತಿದ್ದೆ. ಇವತ್ತು ಸಂದೇ ಇರಲಿಲ್ಲ.”

ನೆಪಗಳು! ಈಗಿನ ನಟರಿಗೆ ಶ್ರದ್ಧೆಯಿಲ್ಲ.

ಊಟಕ್ಕೆ ಅಟ್ಟ ಹತ್ತಿದಾಗ ಹೆಂಡತಿ ಇನ್ನೂ ಬಟ್ಟಲುಗಳನ್ನು ಜೋಡಿಸಿರಲಿಲ್ಲ. “ಇಷ್ಟು ಬೇಗ ಬಂದ್ರಾ?” ಎಂದಳು. ಅವಳೂ ನಿಧಾನವಾಗುತ್ತಿದ್ದಾಳೆ.

ಏಪ್ರಿಲ್ 6

ನನ್ನ ಹೆಂಡತಿ ಸೋಮಾರಿಯಾಗಿದ್ದಾಳೆಂದು ದುಃಖದಿಂದ ದಾಖಲಿಸುತ್ತೇನೆ. ಮೊದಲೆಲ್ಲ ನಾನು ಕಣ್ಣು ಬಿಡುವ ಮುಂಚೆಯೇ ಕಿಟಕಿಯ ಬಳಿ ಕಣ್ಣು ಕೆಂಪಗೆ ಮಾಡಿಕೊಂಡು ಕುಳಿತಿರುತ್ತಿದ್ದಳು. ನಿದ್ದೆಯಲ್ಲಿ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಿದ್ದಳು. ಈಗ ಬಿಸಿಲು ಮುಖಕ್ಕೆ ಬಿದ್ದರೂ ಬಾಯಿ ತೆರೆದುಕೊಂಡು ಮಲಗಿರುತ್ತಾಳೆ. ಚಹಾ ಮಾಡುವುದು ನಾನು, ಟೊಮೇಟೊ ಹೆಚ್ಚುವುದು ನಾನು, ಎಣ್ಣೆಯನ್ನು ಚಮಚದಲ್ಲಿ ಅಳೆಯುವುದೂ ನಾನು. ಆ ಚಮಚದ ವಿಷಯದಲ್ಲಿ ಈಗ ಅವಳಿಗಿಂತ ನಾನೇ ಬಿಗಿ. ನಿನ್ನೆ ಅವಳು ಅರ್ಧ ಚಮಚ ಹೆಚ್ಚು ಹಾಕಿದಾಗ ನಾನು ಹಾ ಎಂದು ಕೂಗಿದ ರಭಸಕ್ಕೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು.

ಬೆಳಿಗ್ಗೆ ಸುಮ್ಮನೆ ನಡೆಯಲು ಹೊರಟವನು ಕೆರೆಯನ್ನೂ ಸೇತುವೆಯನ್ನೂ ದಾಟಿ ಎಲ್ಲಿಗೋ ಹೋಗಿಬಿಟ್ಟೆ. ಬರುವಾಗ ಹಾಡುತ್ತಿದ್ದೆ. ಎಂಟು ಚೀಲದವನಿಗೆ ಹಾಡುವ ಹಕ್ಕಿಲ್ಲ, ಆದರೂ ಬಂತು.

ಏಪ್ರಿಲ್ 18

ಏಳೂವರೆ! ಕೊನೆಗೂ! ಅಣ್ಣನನ್ನು ತಬ್ಬಿ ಎತ್ತಿ ಎರಡು ಸುತ್ತು ತಿರುಗಿಸಿದೆ.

“ಬಿಡೋ ದೊರೆ, ನಾನು ಮುದುಕ!”

ಅರ್ಧ ಇಳಿಯಲಿಕ್ಕೆ ಇಷ್ಟು ಕಾಲ ಬೇಕಾಯಿತಲ್ಲ. ಇನ್ನರ್ಧಕ್ಕೆ ಉಳಿದಿರುವುದು ಎರಡೇ ವಾರ. ಮ್ಯಾನೇಜರು ಕಡ್ಡಿಗೆ ಕಿರೀಟದ ಅಳತೆ ತೆಗೆಸಿದ್ದಾನೆ. “ಮುನ್ನೆಚ್ಚರಿಕೆ ಅಷ್ಟೇ ಭಾವ,” ಎಂದು ಸೀನಿದ. ಅವನ ಕರವಸ್ತ್ರದಿಂದಲೂ ಮರಳು ಉದುರಿತು. ಈ ರಂಗಮಂದಿರವನ್ನು ಯಾರೂ ಗುಡಿಸುವುದಿಲ್ಲವೇ?

ಏಪ್ರಿಲ್ 29

ಏಳು! ಏಳು! ಏಳು!

ಹೊಡೆಯಿರಿ ನಗಾರಿ! ಊದಿರಿ ಕಹಳೆ! ಕೂದಲೆಳೆಯಷ್ಟೇ ಅಂತರ, ಆದರೂ ಏಳು! ಅಣ್ಣ ಏಳನೆಯ ಚೀಲ ಕಟ್ಟಿದ. ಮೋಡ ಅನುಮಾನಿಸಿತು, ಯೋಚಿಸಿತು, ಆಮೇಲೆ ಮದುಮಗಳಂತೆ ನಾಚಿ ಮೇಲೆದ್ದಿತು. ರಾಟೆ ಕಿರ್ರೆನ್ನಲಿಲ್ಲ. ಅಟ್ಟದಿಂದ ನನ್ನ ಹೆಂಡತಿ ತಗಡು ಬಡಿದೇ ಬಡಿದಳು. ಕಡ್ಡಿ ಬಂದು ಕಾಲು ಮುಟ್ಟಿ, “ಬದುಕಿದೆ ಗುರುಗಳೇ. ನಂಗೆ ಎತ್ತರ ಅಂದ್ರೆ ತಲೆ ಸುತ್ತುತ್ತೆ. ಹೇಳೋಕೆ ಭಯ ಇತ್ತು,” ಎಂದ. ಈ ಕಡ್ಡಿಯನ್ನೇ ನಾನು ನಾಲ್ಕು ತಿಂಗಳು ಶಪಿಸಿದ್ದು!

ಮೇ 2

ಇವತ್ತು ಆಟ. ಮುಖಕ್ಕೆ ಬಣ್ಣ ಹಚ್ಚಿಕೊಂಡು ಬರೆಯುತ್ತಿದ್ದೇನೆ, ಪುಟಕ್ಕೆಲ್ಲ ಕೆಂಪು ಮೆತ್ತಿಕೊಳ್ಳುತ್ತಿದೆ. ಹೊರಗೆ ಕುರ್ಚಿ ಎಳೆಯುವ ಸದ್ದು. ಮ್ಯಾನೇಜರು ಭರ್ಜರಿ ಉತ್ಸಾಹದಲ್ಲಿದ್ದಾನೆ. ಹಳೆಯ ಮರಳು ಚೀಲಗಳ ಹೊಲಿಗೆಯೆಲ್ಲ ಬಿಟ್ಟಿದೆಯೆಂದು ಮಧ್ಯಾಹ್ನ ಕಿತ್ತೆಸೆದು, ದಪ್ಪ ಕ್ಯಾನ್ವಾಸಿನ ಹೊಸ ಚೀಲ ತರಿಸಿ, ಬಾಯಿತುಂಬ ಮರಳು ತುಂಬಿಸಿದ್ದಾನೆ. ಒಳ್ಳೆಯದಾಯಿತು. ಹೆಂಡತಿಯೂ ಹೊಸ ಎಣ್ಣೆ ಡಬ್ಬ ತಂದು ಅಟ್ಟದಲ್ಲಿಟ್ಟಿದ್ದಾಳೆ.

ಗಂಟೆ ಹೊಡೆಯಿತು. ಹೊರಟೆ!

ಮೇ 3

ಹೇಗೆ ಬರೆಯಲಿ! ನಗು ತಡೆಯಲಾಗುತ್ತಿಲ್ಲ.

ಕೊನೆಯ ಅಂಕ. ಆಟದ ದಿನ ಅಟ್ಟ ಹತ್ತಿಯೇ ಮೋಡದ ಮೇಲೆ ಕೂರುವುದು ರೂಢಿ. ಹತ್ತಿದೆ, ಕುಳಿತೆ, ಕಿರೀಟ ಸರಿಮಾಡಿಕೊಂಡೆ. ಕೆಳಗೆ ಹೊಗೆ, ನೀಲಿ ಬೆಳಕು, ಕಿಕ್ಕಿರಿದ ಜನ. ಕಡ್ಡಿ ಮಂಡಿಯೂರಿ, “ಇಳಿದು ಬಾ ಆಕಾಶದೊಡೆಯಾ!” ಎಂದು ಕೈಚಾಚಿದ. ಹೆಂಡತಿ ಗುಡುಗು ಬಡಿದಳು. ಅಟ್ಟದ ಅಂಚಿನಲ್ಲಿ ನಿಂತ ಅಣ್ಣ ಹಗ್ಗದ ಕೊಕ್ಕೆ ಬಿಡಿಸಿದ.

ಮೋಡ ಇಳಿಯಲಿಲ್ಲ.

ಮತ್ತೊಂದು ಗುಡುಗು. ಇಲ್ಲ. ನಾನು ಕುಂಡೆ ಕುಲುಕಿಸಿದೆ. ಮೋಡ ಅಲ್ಲೇ ತೂಗಾಡಿತು, ತೊಟ್ಟಿಲಿನಂತೆ.

ಕೆಳಗಿನಿಂದ ಕಡ್ಡಿ: “ಒಡೆಯಾ... ದಾರಿ ತಪ್ಪಿತೇ?” ಸಭೆಯಲ್ಲಿ ಗೊಳ್ಳೆಂದು ನಗು.

“ಅಣ್ಣಾ, ಬಿಡೋ ಹಗ್ಗಾನ!” ಹಲ್ಲು ಕಚ್ಚಿ ಪಿಸುಗುಟ್ಟಿದೆ.

“ಬಿಟ್ಟಾಯ್ತು! ಏಳೇ ಕಟ್ಟಿದೀನಿ, ನಿನ್ನ ಲೆಕ್ಕ!” ಅಣ್ಣ ಒಮ್ಮೆ ಹಗ್ಗ ನೋಡಿದ, ಒಮ್ಮೆ ನನ್ನನ್ನು. ಅವನ ಮುಖ ಬೆಳಗಿತು. “ಅಯ್ಯೋ ದೊರೆ! ಹಳೇ ಚೀಲ ಸೋರಿ ಸೋರಿ ಹಗುರಾಗಿದ್ವು! ಅದರಲ್ಲಿ ನೀನು ಏಳು. ಈ ತುಂಬಿದ ಚೀಲದಲ್ಲಿ ನೀನು ಆರೂ ಇಲ್ಲ ಕಣೋ! ಇಳಿಯೋಕೆ ಭಾರಾನೇ ಸಾಲ್ತಿಲ್ಲ!”

ಸಾವಿರ ಕಣ್ಣುಗಳ ಮುಂದೆ ಆಕಾಶದಲ್ಲಿ ಸಿಕ್ಕಿಕೊಂಡ ನಾನು, ನನ್ನ ಜೀವನದ ಅತಿ ಸುಂದರವಾದ ಮಾತನ್ನು ಕೇಳಿದೆ.

“ಹಾಗಾದ್ರೆ ಒಂದು ಚೀಲ ಬಿಚ್ಚು!”

“ಎಲ್ಲಿಂದ ಬಿಚ್ಚಲಿ? ನೀನು ಮೇಲಿದ್ರೆ ಅವು ಕೆಳಗಿನ ಗುಂಡಿಯಲ್ಲಿರ್ತವೆ!”

ಆಗ ತಗಡಿನ ಹಿಂದಿನಿಂದ ನನ್ನ ಹೆಂಡತಿ ಬಂದಳು. ಸೀಲು ಒಡೆಯದ ಐದು ಲೀಟರಿನ ಹಸಿರು ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಮಡಿಲಿಗೆ ಹಾಕಿದಳು. “ಹಿಡ್ಕೊಳ್ಳಿ ರೀ.”

ಮೋಡ ತುಸು ಕುಸಿಯಿತು. ನಿಂತಿತು.

“ಇನ್ನೂ ಸಾಲ್ದು ಕಣೇ!”

ಗುಡುಗಿನ ಕಬ್ಬಿಣದ ಸುತ್ತಿಗೆಯನ್ನೂ ಕೊಟ್ಟಳು. ಇಳಿಯಿತು! ನಿಧಾನವಾಗಿ, ಗಂಭೀರವಾಗಿ, ಹೊಗೆಯನ್ನು ಸೀಳಿಕೊಂಡು ಇಳಿದೆ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಆಲಿವ್ ಎಣ್ಣೆ.

ಕಡ್ಡಿ ಒಂದು ಕ್ಷಣ ತಡಬಡಾಯಿಸಿದ. ಆದರೆ ನನ್ನ ಶಿಷ್ಯನಲ್ಲವೇ! “ಒಡೆಯಾ, ಕರದಲ್ಲೇನದು?”

“ಅಮೃತ!” ಚಾವಣಿ ನಡುಗುವಂತೆ ಗರ್ಜಿಸಿದೆ.

“ಎಷ್ಟು ಲೋಟ ಕುಡಿಯಲಪ್ಪಣೆ?”

“ಲೋಟವೇ? ಮೂಢಾ! ಚಮಚದಲ್ಲಿ ಅಳೆ! ಅದೂ ಬೆಣ್ಣೆಯೆಂಬ ಹಳೆಯ ಮಂತ್ರಿಯನ್ನು ಗಡೀಪಾರು ಮಾಡಿದ ಬಳಿಕ!”

ಮೂರನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಡಾಕ್ಟರಮ್ಮ! ಅವರ ಹಿಂದೆ ಇಡೀ ಸಭೆ ಎದ್ದಿತು. ‘ಎಲವೋ ಭೂಮಿಪಾಲಾ’ ಒಂದೇ ಉಸಿರಿನಲ್ಲಿ ಹೋಯಿತು. ಪರದೆ ಬಿದ್ದಾಗ ಮ್ಯಾನೇಜರು ಓಡಿಬಂದು, “ಭಾವ, ಆ ಡಬ್ಬ ಪ್ರತೀ ಆಟಕ್ಕೂ ಇರ್ಲಿ!” ಎಂದ.

ಎಲ್ಲರೂ ಹೋದ ಮೇಲೆ ನಾನೂ ಅವಳೂ ರಂಗದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತೆವು.

“ನೋಡಿದ್ಯಾ? ನಾನು ಹಗುರಾಗಿದೀನಂತೆ. ಒಬ್ಬರಾದ್ರೂ ಹೇಳಬಾರದಾ?”

“ದರ್ಜಿ ಮಾಮ ಹೇಳಿದ್ರು, ನೀವು ಬೈದ್ರಿ. ನಾನು ಹೇಳಿದ್ರೆ ಆ ಖುಷಿಗೆ ಅಂತ ಬೆಣ್ಣೆ ತಿಂತಿದ್ರಿ.”

“ಅಂದ್ರೆ ನಿಂಗೆ ಗೊತ್ತಿತ್ತು? ಚೀಲ ಎಂಟು ಅಂತಿದ್ದಾಗ್ಲೂ?”

ಅವಳು ಸುತ್ತಿಗೆಯನ್ನು ಸೆರಗಿನಿಂದ ಒರೆಸುತ್ತ ಹೇಳಿದಳು. “ನಂಗೆ ಯಾವ ಚೀಲಾನೂ ಬೇಕಿರ್ಲಿಲ್ಲ ರೀ. ಮಾರ್ಚಿಂದ ನಿಮ್ಮ ಗೊರಕೆ ಮಧ್ಯೆ ನಿಲ್ತಿಲ್ಲ. ನಾನು ನಿದ್ದೆ ಮಾಡ್ತಿದೀನಿ.”

ನಾನು ಕಿರೀಟ ತೆಗೆದು ಅವಳ ತಲೆಯ ಮೇಲಿಟ್ಟೆ.

ಮೇ 4

ಬೆಳಿಗ್ಗೆ. ಟೊಮೇಟೊ ಹೆಚ್ಚಿಟ್ಟಿದ್ದೇನೆ. ಚಮಚವನ್ನು ಪಕ್ಕದಲ್ಲಿಟ್ಟಿದ್ದೇನೆ. ಬಿಸಿಲು ಹಾಸಿಗೆಯ ತನಕ ಬಂದಿದೆ.

ಹೆಚ್ಚು ಬರೆಯುವುದಿಲ್ಲ, ಪೆನ್ನು ಗೀಚುವ ಸದ್ದಾಗುತ್ತದೆ. ಅವಳು ಮಲಗಿದ್ದಾಳೆ.